ಕೈ ಆಡಿಸು, ಕೈ ಆಡಿಸು

ನಮ್ಮ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ನಾನೂರು ಮೀಟರ್ ಓಡುತ್ತಾಳೆ. ಕಳೆದ ವರ್ಷ ಜಿಲ್ಲಾ ಮಟ್ಟದ ಓಟ ಭಾನುವಾರವೇ ಬಂತು. "ಅಕ್ಕ, ಆರಾಧನೆ ಬಿಟ್ಟು ಹೋದ್ರೆ ದೇವರಿಗೆ ಬೇಜಾರಾಗಲ್ವಾ?" ಅಂತ ಕೇಳಿದಳು.

ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ಓಟಗಾರ ಎರಿಕ್ ಲಿಡಲ್ ಅವರ ವಿಷಯ ಹೇಳಿದ್ದೆ. ಭಾನುವಾರ ಹೀಟ್ಸ್ (ಮೊದಲ ಸುತ್ತಿನ ಓಟ) ಇದೆ ಅಂತ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟವನ್ನೇ ಬಿಟ್ಟವರು ಅವರು. ನಾನೂರು ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅವಳಿಗೆ ಮುಂದಿನದ್ದನ್ನೂ ಹೇಳಿದೆ.

ಮರುವರ್ಷ ಲಿಡಲ್ ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನಿಯರು ಅವರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಲಿಡಲ್ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಮಾತ್ರ ಆಟ ಬೇಡ ಅನ್ನುತ್ತಿದ್ದರು. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಆಮೇಲೆ ಭಾನುವಾರವೂ ಲಿಡಲ್ ರೆಫ್ರಿಯಾಗಿ ನಿಂತರು. ಪದಕಕ್ಕೆ ಬಿಟ್ಟುಕೊಡದ ದಿನವನ್ನು ಆ ಮಕ್ಕಳಿಗೆ ಬಿಟ್ಟುಕೊಟ್ಟರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ನನಗಂತೂ ಆ ಚಿನ್ನಕ್ಕಿಂತ ಈ ಹಾಕಿ ಆಟವೇ ದೊಡ್ಡದು.

"ಮನೆಯವರನ್ನ, ಚರ್ಚಿನ ಅಯ್ಯನವರನ್ನ ಕೇಳು. ಪ್ರಾರ್ಥನೆ ಮಾಡಿ ನೀನೇ ತೀರ್ಮಾನ ಮಾಡು" ಅಂದೆ. ಅವಳು ಓಡುವುದು ಅಂತಾಯಿತು. ಅಯ್ಯನವರೇ ಬೆಳಗ್ಗೆ ಅವರ ಮನೆಗೆ ಹೋಗಿ ಪ್ರಾರ್ಥಿಸಿದರು. ನಾನೂ ಮೈದಾನಕ್ಕೆ ಹೋದೆ.

ಇನ್ನೂರು ಮೀಟರ್‌ವರೆಗೆ ಅವಳೇ ಮುಂದೆ. ಕೊನೆಯ ತಿರುವು ದಾಟುವಷ್ಟರಲ್ಲಿ ಭುಜ ಕಿವಿಯ ಹತ್ತಿರ ಬಂತು, ಕತ್ತು ಹಿಂದಕ್ಕೆ ವಾಲಿತು, ಹೆಜ್ಜೆ ಗಿಡ್ಡವಾಯಿತು. ಇಬ್ಬರು ಅವಳನ್ನು ದಾಟಿಹೋದರು. ಅವಳ ಪಿ.ಟಿ. ಮೇಷ್ಟ್ರು ಬೇಲಿಯ ಹತ್ತಿರದಿಂದ ಒಂದೇ ಸಮ ಕೂಗುತ್ತಿದ್ದರು: "ಕಾಲು ಬಿಡು, ಕೈ ಆಡಿಸು, ಕೈ ಆಡಿಸು!" ಕಾಲು ಸೋತಾಗ ಕೈ ಬೀಸಿದರೆ ಕಾಲೂ ಹಿಂದೆಯೇ ಬರುತ್ತದಂತೆ. ಅವಳು ಹಲ್ಲು ಕಚ್ಚಿ ಕೈ ಬೀಸಿದಳು. ಹೆಜ್ಜೆ ನಿಜವಾಗಿಯೂ ಉದ್ದವಾಯಿತು.

ನನಗೆ ಅಲ್ಲೇ ಅಳು ಬಂತು. ಅಪ್ಪ ತೀರಿಕೊಂಡ ಮೇಲೆ ಬಹಳ ದಿನ ನನಗೆ ಪ್ರಾರ್ಥನೆ ಮಾಡೋಕೆ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಮಾತೂ ಬರುತ್ತಿರಲಿಲ್ಲ. ಆದರೂ ಭಾನುವಾರ ಬೇಗ ಹೋಗಿ ಚಾಪೆ ಹಾಸುತ್ತಿದ್ದೆ, ಹಾಜರಿ ಕರೆಯುತ್ತಿದ್ದೆ, ಚಿಕ್ಕವರಿಗೆ ಹಾಡು ಕಲಿಸುತ್ತಿದ್ದೆ. ಇದೂ ಒಂದು ನಂಬಿಕೆಯಾ ಅನ್ನೋ ಅನುಮಾನ ಒಳಗೇ ಇತ್ತು. ಹೌದು, ಅದೂ ನಂಬಿಕೆಯೇ. ಪ್ರಾರ್ಥನೆ ಆಮೇಲೆ ತಾನಾಗಿ ಬಂತು, ಆ ಚಿಕ್ಕವರ ಜೊತೆ ಹಾಡುತ್ತಾ ಹಾಡುತ್ತಾ.

ಅವಳು ಮೂರನೆಯವಳಾಗಿ ಬಂದಳು. ಕೂರಲು ಹೋದವಳನ್ನು ಮೇಷ್ಟ್ರು ಬಿಡಲಿಲ್ಲ, ನಡೆಸಿದರು. ನಾನೂ ಪಕ್ಕದಲ್ಲಿ ನಡೆದೆ. ಏದುಸಿರಿನಲ್ಲೇ ಅಂದಳು: "ಅಕ್ಕ, ಮುಂದಿನ ಸಲ ಶುರುವಿನಲ್ಲಿ ಅಷ್ಟು ಜೋರಾಗಿ ಹೋಗಲ್ಲ."