ಕೌದಿ ಕಟ್ಟಿದ ಕೋಣೆಯಿಂದ ಶಿಶುನಾಳಕ್ಕೆ

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅದು. ನಡೆದು ಹೊರಗೆ ಬರುವಷ್ಟರಲ್ಲಿ ನಿದ್ದೆ ಪೂರ್ತಿ ಬಿಟ್ಟಿತ್ತು. ಒಂದು ಚಹಾ ಕುಡಿದು ಧಾರವಾಡದ ಚಿಗರಿ ಬಸ್ ಹತ್ತಿದೆ. ಉಣಕಲ್ ಕೆರೆ ದಾಟುವಾಗ ಸಣ್ಣಗೆ ಮಳೆ ಹಿಡಿಯಿತು.

ನಾನು ಬಂದದ್ದು ಅಕ್ಕನ ಮಾತಿಗೆ. ಅವಳ ಮಗ ಹುಬ್ಬಳ್ಳಿಯಲ್ಲಿದ್ದ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಧಾರವಾಡದಲ್ಲಿ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡು ರಾಕ್ ಬ್ಯಾಂಡ್ ಕಟ್ಟಿದ್ದ. ಹಾವೇರಿಯಲ್ಲಿರುವ ಮಾವನಿಗೆ, ಅಂದರೆ ಹುಡುಗನ ಅಪ್ಪನಿಗೆ, ಇದು ಗೊತ್ತೇ ಇರಲಿಲ್ಲ. "ನೀನರ ಹೋಗಿ ಸ್ವಲ್ಪ ತಿಳಿಸಿ ಹೇಳಪಾ" ಅಂದಿದ್ದಳು ಅಕ್ಕ.

ಸಪ್ತಾಪುರದಲ್ಲಿ ಒಂದು ಹಳೇ ಮನೆಯ ಮಾಳಿಗೆ ಮೇಲೆ ಅವರ ಕೋಣೆ. ಬಾಗಿಲು ತೆಗೆದಾಗ ಮೊದಲು ಕಂಡದ್ದು ಗಿಟಾರ್ ಅಲ್ಲ, ಕೌದಿ. ಓಣಿಯವರಿಗೆ ಸದ್ದು ಕೇಳಿಸಬಾರದು ಅಂತ ಎರಡೂ ಕಿಟಕಿಗೆ ಕೌದಿ ಕಟ್ಟಿದ್ದರು. ಒಂದು ನಮ್ಮವ್ವ ಹೊಲಿದದ್ದು. ಹತ್ತಿರ ಹೋಗಿ ನೋಡಿದೆ. ಅಂಚಿನಲ್ಲಿ ನಾನು ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಪಟ್ಟಿಯ ಅಂಗಿಯ ತುಂಡು ಇನ್ನೂ ಇತ್ತು. ಅವ್ವನ ಹೊಲಿಗೆ ಒಂದು ಕಡೆಯೂ ಬಿಟ್ಟಿರಲಿಲ್ಲ. ಎಷ್ಟೋ ಹೊತ್ತು ಕೈ ಅಲ್ಲೇ ಇಟ್ಟುಕೊಂಡು ನಿಂತೆ.

"ಮಾಮಾ, ಕೂಡ್ರಿ. ಒಂದು ಕೇಳಸ್ತೀನಿ" ಅಂದ ಹುಡುಗ. ಮೊದಲು ಗಿಟಾರನ್ನು ಸುಮ್ನೆ ಮೀಟಿದ. ತಿಳಿಯಾದ, ಸಣ್ಣ ದನಿ. ಆಮೇಲೆ ಕಾಲ ಬಳಿ ಇದ್ದ ಸಣ್ಣ ಡಬ್ಬಿಯನ್ನು ಒತ್ತಿದ. ಅದೇ ತಂತಿ, ಅದೇ ಬೆರಳು, ಆದರೆ ದನಿ ಒರಟಾಗಿ ಕೋಣೆ ತುಂಬಿತು. ನನ್ನ ಕೈಯಲ್ಲಿದ್ದ ಸ್ಟೀಲ್ ಲೋಟ ನಡುಗಿತು. ದನಿಯನ್ನು ಯಂತ್ರ ತಾಳುವುದಕ್ಕಿಂತ ಜಾಸ್ತಿ ಏರಿಸಿದರೆ ಅದರ ಅಲೆಯ ತಲೆ ಕತ್ತರಿಸಿ ಹೋಗುತ್ತದಂತೆ. ಆ ಕತ್ತರಿಸಿದ ತಲೆಯೇ ಈ ಒರಟುತನ. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಇಂಥದೇ ದನಿಗಾಗಿ ತನ್ನ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ್ದ. ಆಗ ಅವನಿನ್ನೂ ಹದಿಹರೆಯದ ಹುಡುಗ.

ಹೇಳಬೇಕಾದ ಮಾತು ಮೆತ್ತಗಿನ ದನಿಯಲ್ಲಿ ಹಿಡಿಸದೇ ಹೋದಾಗ ಹೀಗೆ ಸೀಳುವುದು ಬರುತ್ತದೆ. ಆ ಕಾಲದ ಅಮೆರಿಕವನ್ನೇ ನೋಡಿ. 18 ತುಂಬಿದ ಹುಡುಗನನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಬಹುದಿತ್ತು, ಆದರೆ ಬಹುತೇಕ ರಾಜ್ಯಗಳಲ್ಲಿ ಓಟು ಹಾಕಲು 21 ಆಗಬೇಕಿತ್ತು. 1971ರವರೆಗೂ ಹಾಗೇ ಇತ್ತು. ಸಾಯಲು ವಯಸ್ಸಾಗಿದೆ, ಮಾತಾಡಲು ಆಗಿಲ್ಲ ಅಂದರೆ ಯಾವ ಹುಡುಗ ಸುಮ್ಮನಿರುತ್ತಾನೆ? 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಮೇಳಕ್ಕೆ ನಾಲ್ಕು ಲಕ್ಷ ಜನ ಸೇರಿದ್ದರು. ಅಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸಿದ. ನಡುನಡುವೆ ಬಾಂಬು ಬಿದ್ದ ಹಾಗೆ, ಜನ ಚೀರಿದ ಹಾಗೆ ತಂತಿ ಕೂಗಿತು. ಒಂದೂ ಮಾತಿಲ್ಲ. ಎಲ್ಲರಿಗೂ ತಿಳಿಯಿತು.

ಈ ಕೋಣೆಯ ಹುಡುಗರಿಗೂ ಪೆಟ್ಟು ಬಿದ್ದಿದೆ. ಯಾವುದೋ ಕಾಲೇಜಿನ ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೇ ಕರೆಂಟ್ ತೆಗೆದರಂತೆ. ಡ್ರಮ್ಸ್ ಹುಡುಗ ಮಾತ್ರ ನಿಲ್ಲಿಸಲಿಲ್ಲ, ಕತ್ತಲಲ್ಲೇ ಹಾಡು ಮುಗಿಯುವವರೆಗೂ ಬಾರಿಸಿದ. ಅದನ್ನು ಹೇಳುವಾಗ ಅಕ್ಕನ ಮಗನ ಕಣ್ಣು ತುಂಬಿತ್ತು.

ತಿಳಿಸಿ ಹೇಳುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ನಾಳೆ ಬೈಕ್ ಮೇಲೆ ಕುಂದಗೋಳ, ಶಿಶುನಾಳ ನೋಡಿಬರೋಣ, ಬರ್ತೀಯಾ?" ಅಂದೆ.

ಮರುದಿನ ಹುಬ್ಬಳ್ಳಿ ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ. ಮಳೆಗೆ ನೆಂದ ಮಣ್ಣು ಬೈಕಿನ ಗಾಲಿಗೆ ಹತ್ತಿ ಹತ್ತಿ ದಪ್ಪವಾಗುತ್ತಿತ್ತು. ಕುಂದಗೋಳದಲ್ಲಿ ನಾಡಿಗೇರ ವಾಡೆಯ ಮುಂದೆ ನಿಂತೆವು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಇದು. ಭೀಮಸೇನ ಜೋಶಿ ಗದಗಿನ ಮನೆ ಬಿಟ್ಟು ಓಡಿಹೋದದ್ದು 1933ರಲ್ಲಿ, ಹನ್ನೊಂದನೇ ವಯಸ್ಸಿಗೆ. ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ಪ್ಲೇಟು ಆ ಹುಡುಗನ ತಲೆ ಕೆಡಿಸಿತ್ತು. ಟಿಕೆಟ್ ಇಲ್ಲದೆ ರೈಲು ಹತ್ತಿ ಗ್ವಾಲಿಯರ್, ಜಲಂಧರ್ ಅಂತ ಗುರುವನ್ನು ಹುಡುಕಿ ಅಲೆದರು. ಕೊನೆಗೆ ತಂದೆ ಜಲಂಧರಿನಲ್ಲಿ ಮಗನನ್ನು ಕಂಡುಹಿಡಿದು ಕರೆತಂದರು. ಆಮೇಲೆ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಮನೆಯಲ್ಲಿ ಪಾಠ ಶುರುವಾಯಿತು. ಬರೀ ಪಾಠವಲ್ಲ, ನೀರು ಹೊರುವುದೂ ಇತ್ತು.

ಒಂದು ಪ್ಲೇಟಿಗೆ ಇಷ್ಟು ಶಕ್ತಿ ಇದೆಯಾ ಅಂತ ಯಾರಾದರೂ ಕೇಳಿದರೆ ರಷ್ಯಾದ ಹುಡುಗರನ್ನು ನೆನೆಯಬೇಕು. ಅಲ್ಲಿ 1950ರ ದಶಕದಲ್ಲಿ ಪಾಶ್ಚಾತ್ಯ ಹಾಡಿನ ಪ್ಲೇಟು ಸಿಗುತ್ತಿರಲಿಲ್ಲ. ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಹಾಳೆಗಳನ್ನು ದುಂಡಗೆ ಕತ್ತರಿಸಿ ಅವುಗಳ ಮೇಲೆ ಹಾಡು ಕೊರೆದು ಕದ್ದು ಮಾರುತ್ತಿದ್ದರು. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ರಾಕ್ ಅಂಡ್ ರೋಲ್ ತಿರುಗುತ್ತಿತ್ತು.

ಹುಡುಗ ವಾಡೆಯ ಕಡೆ ನೋಡುತ್ತಾ, "ಅವರಪ್ಪ ಬೈಲಿಲ್ಲೇನ್ರಿ ಮಾಮಾ?" ಅಂದ.

"ಬೈದಿರಬಹುದು. ಆದರೂ ಮತ್ತೆ ಹಾಡು ಕಲಿಯೋಕೆ ಬಿಟ್ಟರಲ್ಲ" ಅಂದೆ.

ಶಿಶುನಾಳ ತಲುಪಿದಾಗ ಮಧ್ಯಾಹ್ನ. ಷರೀಫರ ಗದ್ದುಗೆಯ ಮುಂದೆ ಕಾಯಿ ಒಡೆಸುವವರೂ ಇದ್ದರು, ಸಕ್ಕರೆ ಓದಿಸುವವರೂ ಇದ್ದರು. ಷರೀಫರು ಹುಟ್ಟಿದ್ದು 1819ರಲ್ಲಿ. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಾಗಿದ್ದವರು ಆ ಕೆಲಸ ಬಿಟ್ಟರು. ಕಳಸದ ಗೋವಿಂದ ಭಟ್ಟರನ್ನು ಗುರು ಅಂತ ಹಿಡಿದರು. ಸಾಬರ ಹುಡುಗ, ಬ್ರಾಹ್ಮಣ ಗುರು. ಎರಡೂ ಕಡೆಯವರು ಆಡಿಕೊಂಡರು. ಇವರು ಹಾಡುತ್ತಲೇ ಹೋದರು. ಸಂತ ಅಂತ ಕೈಮುಗಿದು ನಾವು ಈ ಬಂಡಾಯವನ್ನು ಮರೆತುಬಿಡುತ್ತೇವೆ, ಅಲ್ವಾ? ಅವರ ಪದಗಳನ್ನು ರಘು ದೀಕ್ಷಿತ್ ಗಿಟಾರ್, ಡ್ರಮ್ಸ್ ಜೊತೆ ಹಾಡಿದಾಗ ನನಗೆ ಯಾವುದೂ ಹೊರಗಿನದು ಅನಿಸಲಿಲ್ಲ.

ಕಟ್ಟೆಯ ಮೇಲೆ ಒಬ್ಬ ಅಜ್ಜ ಏಕತಾರಿ ಹಿಡಿದು ತತ್ವಪದ ಹೇಳುತ್ತಿದ್ದ. ತಂತಿ ಒಂದೇ, ಅದಕ್ಕೂ ತುಕ್ಕು. ಮೇಲಿನ ದನಿಗೆ ಹೋದಾಗ ಅವನ ಗಂಟಲು ಒಡೆಯುತ್ತಿತ್ತು. ಒಡೆದ ಕಡೆಯೇ ಪದ ಎದೆಗೆ ತಾಗುತ್ತಿತ್ತು. ಹುಡುಗ ಫೋನು ತೆಗೆದ, ಯಾಕೋ ಮತ್ತೆ ಜೇಬಿಗೆ ಹಾಕಿಕೊಂಡ. "ಅಜ್ಜಾ, ಇನ್ನೊಮ್ಮೆ ಹೇಳ್ರಿ" ಅಂದ. ಅಜ್ಜ ಹೇಳಿದ. ಹುಡುಗನ ಬೆರಳು ತನ್ನ ಮೊಣಕಾಲಿನ ಮೇಲೆ ಇಲ್ಲದ ತಂತಿ ಹುಡುಕುತ್ತಿತ್ತು.

ವಾಪಸ್ ಹೊರಟಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಒಂದು ಹಳ್ಳದ ದಂಡೆಗೆ ಬೈಕ್ ನಿಲ್ಲಿಸಿ, ಕಡ್ಡಿ ತಗೊಂಡು ಗಾಲಿಯ ಮಣ್ಣು ಕೆರೆಯತೊಡಗಿದ. ತಲೆ ಎತ್ತದೆಯೇ ಹೇಳಿದ.

"ಮಾಮಾ, ಅಪ್ಪಗ ನೀವೇನೂ ಹೇಳಬ್ಯಾಡ್ರಿ. ಐತವಾರ ಹಾವೇರಿಗೆ ಹೋಗಿ ನಾನ ಹೇಳ್ತೀನಿ."

ನಾನೂ ಒಂದು ಕಡ್ಡಿ ಹುಡುಕಿಕೊಂಡು ಹಿಂದಿನ ಗಾಲಿಯ ಪಕ್ಕ ಕೂತೆ.