ಗಂಗೂಬಾಯಿಯವರ ಎರಡು ದನಿಗಳು, ವಿಮರ್ಶಕರ ಒಂದೇ ಮಾತು

ಧಾರವಾಡದಲ್ಲಿ ಕೂತು ಸಂಗೀತ ವಿಮರ್ಶೆ ಬರೆಯುವವನಿಗೆ ಭಿನ್ನಾಭಿಪ್ರಾಯ ಸುಲಭದ ಮಾತಲ್ಲ. ಇಲ್ಲಿಯ ಬೈಠಕ್‌ಗಳ ಮುಂದಿನ ಸಾಲಿನಲ್ಲಿ ಕೂಡ್ರುವ ಹಿರಿಯರು ದೊಡ್ಡ ಗಾಯಕರನ್ನು ಎದುರಿಗೇ ಕೇಳಿ ಬೆಳೆದವರು. ಅವರ ತೀರ್ಮಾನಗಳಿಗೆ ಪುರಾವೆ ಕೇಳುವ ರೂಢಿಯಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ವಿಷಯದಲ್ಲಿ ನನಗೂ ತಕರಾರಿಲ್ಲ. ಅಪರೂಪದ ರಾಗವನ್ನು ದೀರ್ಘ ಆಲಾಪದ ಪೀಠಿಕೆಯಿಲ್ಲದೆ ಬಂದಿಶ್‌ನಿಂದಲೇ, ಅಂದರೆ ತಾಳಕ್ಕೆ ಕಟ್ಟಿದ ಹಾಡಿನಿಂದಲೇ, ಎತ್ತಿಕೊಳ್ಳುವ ಅವರ ಧೈರ್ಯವನ್ನು ಎಲ್ಲರಂತೆ ನಾನೂ ಮೆಚ್ಚುತ್ತೇನೆ.

ಆದರೆ ಗಂಗೂಬಾಯಿ ಹಾನಗಲ್ಲರ ವಿಷಯಕ್ಕೆ ಬಂದಾಗ ನನ್ನ ಕಿವಿ ಬೇರೆ ದಾರಿ ಹಿಡಿಯುತ್ತದೆ. 1930ರ ದಶಕದಲ್ಲಿ ಅವರು ಎಚ್‌ಎಂವಿ ಕಂಪನಿಗೆ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನು ನೀಡಿದ್ದರು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ದನಿ ಗಡಸಾಗಿ ಕೆಳಗಿಳಿಯಿತು. ಈ ಎರಡನೆಯ ದನಿಯೇ ನಿಜವಾದ ಗಂಗೂಬಾಯಿ, ಮೊದಲನೆಯದು ಕುತೂಹಲದ ಸಾಮಗ್ರಿ ಮಾತ್ರ ಎಂಬುದು ವಿಮರ್ಶಕರ ಸಾಮಾನ್ಯ ನಿಲುವು. ಅವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ಹಿರಿಮೆಯನ್ನು ವಿಲಂಬಿತದ ಬಢತ್‌ನಲ್ಲಿ, ಅಂದರೆ ನಿಧಾನಗತಿಯಲ್ಲಿ ರಾಗವನ್ನು ಹಂತಹಂತವಾಗಿ ಬೆಳೆಸುವುದರಲ್ಲಿ, ಅಳೆಯುವವರಿಗೆ ಮೂರು ನಿಮಿಷದ ಗ್ರಾಮಫೋನ್ ತಟ್ಟೆ ಹಗುರವಾಗಿ ಕಾಣುವುದು ಸಹಜವೇ. ನನಗೆ ಹಾಗೆ ಕಾಣುವುದಿಲ್ಲ. ಸಮಯದ ಇಕ್ಕಟ್ಟಿನಲ್ಲಿ ರಾಗದ ಮುಖವನ್ನು ಮೊದಲ ಸಾಲಿನಲ್ಲೇ ತೋರಿಸಿ, ತಾರ ಷಡ್ಜವನ್ನು, ಅಂದರೆ ಮೇಲಿನ ಸಪ್ತಕದ ‘ಸಾ’ವನ್ನು, ಆಯಾಸವಿಲ್ಲದೆ ಮುಟ್ಟಿ, ವೇಗದ ಸ್ವರಗುಚ್ಛವಾದ ತಾನ್ ಮುಗಿಸಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರುವ ಆ ತೆಳುದನಿಯಲ್ಲಿ ಪಳಗಿದ ಗಾಯಕಿಯೇ ಇದ್ದಾರೆ. ತಟ್ಟೆಯ ಗೊರಗೊರ ಸದ್ದನ್ನು ಸಹಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೆ.

ಹಾಗೆಂದು ಅವರ ನಂತರದ ಮಾರ್ವಾ ರಾಗವನ್ನು ನಾನು ಕಡಿಮೆ ಅಂದಾಜು ಮಾಡುತ್ತಿಲ್ಲ. ಷಡ್ಜವನ್ನು ತಡೆತಡೆದು, ಕೋಮಲ ರಿಷಭದ ಮೇಲೆ ಇಡೀ ದನಿಯ ಭಾರ ಹಾಕಿ ನಿಲ್ಲುವಾಗ ಆ ಗಡಸುತನವೇ ರಾಗದ ತಳಮಳವಾಗುತ್ತದೆ. ಆದರೆ ಹೊಗಳಿಕೆಯಲ್ಲಿ ಒಂದು ಹೆಸರು ಬಿಟ್ಟುಹೋಗುತ್ತದೆ. ಆ ವರ್ಷಗಳ ಧ್ವನಿಮುದ್ರಣಗಳಲ್ಲಿ ಹಿಂದೆ ಕುಳಿತು ಹಾಡುವವರು ಮಗಳು ಕೃಷ್ಣಾ ಹಾನಗಲ್ಲ. ತಾಯಿ ಮಂದ್ರ ಮತ್ತು ಮಧ್ಯ ಸಪ್ತಕಗಳಲ್ಲಿ ಕಟ್ಟಿದ್ದನ್ನು ಮಗಳ ದನಿ ಮೇಲಕ್ಕೆ ಒಯ್ಯುತ್ತದೆ. ಎಷ್ಟೋ ಕಡೆ ರಾಗದ ಆವರಣ ಪೂರ್ತಿಯಾಗುವುದು ಈ ಇಬ್ಬರ ನಡುವೆ. ಇದನ್ನು ಒಬ್ಬರ ಗಾಯನವೆಂದು ಬರೆಯುವುದು ಕೇಳಿದ್ದನ್ನು ಅರ್ಧ ಬರೆದಂತೆ ಎಂದೇ ನನ್ನ ವಾದ.

‘ಶಿಷ್ಯರು ಹಿಂದೆ ಕೂತು ದನಿಗೂಡಿಸುವುದು ಪದ್ಧತಿಯೇ ಅಲ್ಲವೇನು?’ ಎಂದು ಹಿರಿಯರೊಬ್ಬರು ಕೇಳಿದ್ದರು. ಪದ್ಧತಿ ಹೌದು. ಶಿಷ್ಯರು ಸಾಮಾನ್ಯವಾಗಿ ಗುರುವಿಗೆ ಉಸಿರಾಡಲು ಬಿಡುವು ಕೊಡುತ್ತಾರೆ. ಕೃಷ್ಣಾ ಅವರು ಕೊಟ್ಟದ್ದು ತಾಯಿಯ ದನಿ ಕಳೆದುಕೊಂಡಿದ್ದ ಎತ್ತರವನ್ನು.