ಭುವನೇಶ್ವರದಿಂದ ಚಿಲಿಕಾಕ್ಕೆ: ಒಂದು ಹಗಲು, ಒಂದೇ ದಂಡೆ

ಭುವನೇಶ್ವರಕ್ಕೆ ಬಂದವರು ಲಿಂಗರಾಜ, ಪುರಿ, ಕೋನಾರ್ಕಗಳನ್ನು ನೋಡಿ ಮುಗಿಸಿದ ಮೇಲೆ ಕೈಯಲ್ಲಿ ಉಳಿದ ಒಂದು ದಿನವನ್ನು ಒಡಿಶಾ ಕರಾವಳಿಯ ಉಪ್ಪುನೀರಿನ ಸರೋವರ ಚಿಲಿಕಾಕ್ಕೆಂದು ಇಟ್ಟುಕೊಳ್ಳುವುದು ವಾಡಿಕೆ. ಆ ಒಂದು ದಿನದಲ್ಲಿ ಡಾಲ್ಫಿನ್, ವಲಸೆ ಹಕ್ಕಿ, ದ್ವೀಪದ ಗುಡಿ, ಸಮುದ್ರದ ಅಳಿವೆ ಎಲ್ಲವನ್ನೂ ತೋರಿಸಿಬಿಡುತ್ತೇವೆಂದು ಹೇಳುವವರು ನಗರದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಚಿಲಿಕಾ ಅಂಥ ಜಾಗವಲ್ಲ. ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರಿಗೆ ಕುಗ್ಗಿ, ಮಳೆಗಾಲದಲ್ಲಿ 1,100 ಚದರ ಕಿಲೋಮೀಟರನ್ನೂ ಮೀರಿ ಹಿಗ್ಗುವ, ಉದ್ದದಲ್ಲಿ 60 ಕಿಲೋಮೀಟರನ್ನು ದಾಟುವ ನೀರಿನ ಹರವು ಅದು. ಪುರಿ, ಖುರ್ದಾ, ಗಂಜಾಂ ಎಂಬ ಮೂರು ಜಿಲ್ಲೆಗಳ ಅಂಚನ್ನು ಅದು ಮುಟ್ಟುತ್ತದೆ. ಆದ್ದರಿಂದ ಒಂದು ಹಗಲಿನಲ್ಲಿ ಅದರ ಒಂದು ದಂಡೆಯನ್ನು ಮಾತ್ರ ನೋಡಬೇಕು, ಆ ದಂಡೆಯಲ್ಲೇ ಹುಟ್ಟಿ ಬೆಳೆದವರ ಜೊತೆಯಲ್ಲಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕಳೆದ ಚಳಿಗಾಲದಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿದೆ.

ಖಾಸಗಿಯಾಗಿ ಕಾರು ಮತ್ತು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು ಹೋಗುವುದು ಖರ್ಚಿನ ಬಾಬತ್ತು ಎಂಬುದು ನಿಜ. ಬಸ್ಸಿನಲ್ಲಿ ಹೋಗುವ ಗುಂಪು ಪ್ರವಾಸಕ್ಕೆ ಹೋಲಿಸಿದರೆ ಅದು ಹಲವು ಪಟ್ಟು ದುಬಾರಿಯಾಗುತ್ತದೆ. ಅಪ್ಪನ ಮಂಡಿನೋವಿನಿಂದಾಗಿ ನಮಗೆ ಬೇರೆ ದಾರಿ ಇರಲಿಲ್ಲ. ಎಲ್ಲಿ ಬೇಕೋ ಅಲ್ಲಿ ನಿಲ್ಲುವ, ಸಾಕೆನಿಸಿದಾಗ ಹಿಂದಿರುಗುವ ಸ್ವಾತಂತ್ರ್ಯ ಅವರಿಗೆ ಬೇಕಿತ್ತು. ಆದರೆ ಆ ಹಣಕ್ಕೆ ದೊರೆಯುವ ನಿಜವಾದ ಲಾಭ ಹೊತ್ತಿನ ಮೇಲಿನ ಹಿಡಿತ ಎಂಬುದು ಹೋದ ಮೇಲೆ ತಿಳಿಯಿತು. ಗುಂಪು ಪ್ರವಾಸದ ಬಸ್ಸುಗಳು ಬೆಳಗಿನ ತಿಂಡಿಯಾದ ಮೇಲೆ ಹೊರಟು ಹತ್ತು ಹನ್ನೊಂದರ ಹೊತ್ತಿಗೆ ಕೆರೆಯಂಚನ್ನು ಮುಟ್ಟುತ್ತವೆ. ಹಕ್ಕಿಗಳನ್ನು ನೋಡುವ ಬೆಳಕು ಅಷ್ಟರಲ್ಲಿ ಕಳೆದುಹೋಗಿರುತ್ತದೆ, ಬಿಸಿಲೇರಿದ ನೀರಿನ ಮೇಲೆ ದುರ್ಬೀನಿನಲ್ಲಿ ಕಾಣುವುದೆಲ್ಲ ನಡುಗುವ ಚುಕ್ಕೆಗಳಾಗಿರುತ್ತವೆ.

ಯಾವ ದಂಡೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪೂರ್ವದಲ್ಲಿ ಸಮುದ್ರಕ್ಕೂ ಸರೋವರಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಮರಳ ದಿಬ್ಬದ ಕಡೆ ಸಾತಪಡಾ ಇದೆ. ಇರಾವಡಿ ಡಾಲ್ಫಿನ್‌ಗಳನ್ನು ನೋಡಲು ಹೋಗುವವರು ಅಲ್ಲಿಗೆ ಹೋಗುತ್ತಾರೆ, ಅದಕ್ಕೆ ಪುರಿಯೇ ಹತ್ತಿರದ ಊರು. ಪಶ್ಚಿಮದಲ್ಲಿ ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಬಾಲುಗಾಂವ್, ಬರ್ಕುಲ್, ಇನ್ನೂ ತೆಂಕಣಕ್ಕೆ ಗುಡ್ಡಗಳ ನಡುವೆ ರಂಭಾ ಇವೆ. ಕಾಳಿಜಾಯಿ ದೇವಿಯ ದ್ವೀಪಕ್ಕೆ ದೋಣಿಗಳು ಹೊರಡುವುದು ಈ ಕಡೆಯಿಂದ. ಉತ್ತರದ ಮೂಲೆಯಲ್ಲಿ, ಟಾಂಗಿ ಎಂಬ ಊರಿನಿಂದ ಒಳಕ್ಕೆ ತಿರುಗಿದರೆ ಸಿಗುವುದು ಮಂಗಳಾಜೋಡಿ. ಭುವನೇಶ್ವರದಿಂದ ಅಲ್ಲಿಗೆ 70 ಕಿಲೋಮೀಟರಿನ ಆಸುಪಾಸು. ನಾವು ಆರಿಸಿಕೊಂಡದ್ದು ಈ ಹಳ್ಳಿಯನ್ನು. ಇಲ್ಲಿ ಮೋಟಾರು ದೋಣಿಯ ಸದ್ದಿಲ್ಲ. ಚಪ್ಪಟೆ ತಳದ ಮರದ ದೋಣಿಗಳನ್ನು ಉದ್ದನೆಯ ಬಿದಿರು ಗಳುವಿನಿಂದ ಊರುತ್ತ ನಡೆಸುತ್ತಾರೆ.

ವಾಹನವನ್ನು ನಗರದಲ್ಲಿ ಗೊತ್ತುಮಾಡಬಹುದು, ಮಾರ್ಗದರ್ಶಿಯನ್ನು ಮಾತ್ರ ಕೆರೆಯ ಊರಿನಲ್ಲೇ ಹಿಡಿಯಬೇಕು. ನಗರದಿಂದ ಜೊತೆಗೆ ಬರುವ ಮಾರ್ಗದರ್ಶಿಗೆ ಇತಿಹಾಸ, ದೇವಾಲಯ, ಹೋಟೆಲು ಎಲ್ಲವೂ ಗೊತ್ತಿರಬಹುದು. ಆದರೆ ನಿನ್ನೆ ಸಂಜೆ ಗೊರವ ಹಕ್ಕಿಗಳ ಹಿಂಡು ಯಾವ ಕಾಲುವೆಯ ತುದಿಯಲ್ಲಿ ಇಳಿದಿತ್ತು ಎಂಬುದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ನಾವು ಹೊರಡುವ ಮೊದಲೇ ಹಳ್ಳಿಯ ಪರಿಸರ ಪ್ರವಾಸ ಕೇಂದ್ರಕ್ಕೆ ಫೋನು ಮಾಡಿ ಒಂದು ದೋಣಿ, ಒಬ್ಬ ಅಂಬಿಗ, ಒಬ್ಬ ಮಾರ್ಗದರ್ಶಿ ಬೇಕೆಂದು ತಿಳಿಸಿದ್ದೆವು. ಕಾರಿನವರ ಜೊತೆಯಲ್ಲೂ ಎಷ್ಟು ಗಂಟೆಗೆ, ಎಷ್ಟು ಕಿಲೋಮೀಟರಿಗೆ ಬಾಡಿಗೆ, ಟೋಲು ಮತ್ತು ಚಾಲಕರ ಊಟ ಅದರಲ್ಲಿ ಸೇರಿದೆಯೇ, ದೋಣಿಯ ಹಣ ಬೇರೆಯೇ ಎಂಬುದನ್ನು ಮೆಸೇಜಿನಲ್ಲಿ ಬರೆಸಿಕೊಂಡಿದ್ದೆವು. ಹೀಗೆ ಬರೆಸಿಕೊಂಡರೆ ದಾರಿಯುದ್ದಕ್ಕೂ ಹಣದ ಮಾತು ಬಾರದು, ಚಾಲಕರಿಗೂ ಅದರಿಂದ ನೆಮ್ಮದಿ.

ಡಿಸೆಂಬರ್, ಜನವರಿಗಳಲ್ಲಿ ಅಲ್ಲಿ ಸೂರ್ಯೋದಯ ಆರೂಕಾಲರ ಆಸುಪಾಸಿನಲ್ಲಿ. ನಾಲ್ಕೂವರೆಗೆ ಹೊರಟರೆ ಹೊತ್ತು ಸರಿಹೋಗುತ್ತದೆ. ಹೆದ್ದಾರಿಯ ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ: ಕತ್ತಲು, ಲಾರಿಗಳು, ಖುರ್ದಾದ ಬಳಿ ಒಂದು ಚಹಾ. ಟಾಂಗಿಯಲ್ಲಿ ತಿರುಗಿದ ಮೇಲೆ ದಾರಿ ಕಿರಿದಾಗುತ್ತದೆ, ಮಂಜು ದಟ್ಟವಾಗುತ್ತದೆ, ಕೊನೆಯಲ್ಲಿ ಎರಡೂ ಬದಿ ಜೌಗು ಇರುವ ಮಣ್ಣಿನ ಏರಿಯ ಮೇಲೆ ಕಾರು ಮೆಲ್ಲಗೆ ಸಾಗುತ್ತದೆ.

ನಮ್ಮ ಮಾರ್ಗದರ್ಶಿ ನಲವತ್ತರ ಆಸುಪಾಸಿನ ವ್ಯಕ್ತಿ. ಕುತ್ತಿಗೆಯಲ್ಲಿ ದುರ್ಬೀನು, ಕಂಕುಳಲ್ಲಿ ಪುಟಗಳ ಅಂಚು ಸವೆದ ಹಕ್ಕಿಗಳ ಪುಸ್ತಕ. ಅಪ್ಪನನ್ನು ನೋಡಿದ ಕೂಡಲೇ ‘ಮೌಸಾ’ ಎಂದು ಕರೆದರು; ಅಲ್ಲಿ ಹಿರಿಯರನ್ನು ಕರೆಯುವ ಬಗೆ ಅದು. ಮಂಡಿಯ ತೊಂದರೆ ಕೇಳಿದ ಮೇಲೆ ಅಂಬಿಗನಿಗೆ ಒಡಿಯಾದಲ್ಲಿ ಏನೋ ಹೇಳಿ ದೋಣಿಯನ್ನು ಏರಿಯ ಮಗ್ಗುಲಿಗೇ ಒತ್ತಿ ನಿಲ್ಲಿಸಿದರು, ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಡಿಸಿದರು. ನಮ್ಮೊಡನೆ ಅವರು ಮಾತಾಡಿದ್ದು ಹಿಂದಿಯಲ್ಲಿ, ಹಕ್ಕಿಗಳ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕಾಮನ್ ಯಾವುದು, ರೇರ್ ಯಾವುದು ಎಂಬ ಪಟ್ಟಿಯನ್ನು ಒಪ್ಪಿಸುವ ಅವಸರ ಅವರಿಗಿರಲಿಲ್ಲ. ಮೊದಲ ಕಾಲು ಗಂಟೆ ಅವರು ಹೆಚ್ಚುಕಡಿಮೆ ಮಾತೇ ಆಡಲಿಲ್ಲ. ಆ ಕಾಲು ಗಂಟೆಯಲ್ಲೇ ನಮ್ಮ ಕಿವಿ ಆ ಜಾಗಕ್ಕೆ ಹೊಂದಿಕೊಂಡಿತು.

ಜೊಂಡು ಹುಲ್ಲಿನ ನಡುವಿನ ಕಾಲುವೆಗಳಲ್ಲಿ ದೋಣಿ ಸಾಗುವಾಗ ಹಕ್ಕಿಗಳು ನಮ್ಮಿಂದ ಕೆಲವೇ ಮಾರು ದೂರದಲ್ಲಿ ತಮ್ಮ ಪಾಡಿಗೆ ತಾವು ಮೇಯುತ್ತಿರುತ್ತವೆ. ಕೆಂಪು ಕೊಕ್ಕಿನ ನೇರಳೆ ಜಂಬುಕೋಳಿಗಳು ಹುಲ್ಲಿನ ದಂಟನ್ನು ಒಂದು ಕಾಲಿನಲ್ಲಿ ಹಿಡಿದು ಸಿಗಿದು ತಿನ್ನುವುದನ್ನು ದುರ್ಬೀನಿಲ್ಲದೆಯೇ ನೋಡಬಹುದು. ಮೆಟ್ಟುಗಾಲು ಹಕ್ಕಿಗಳು, ಬಾಯ್ಕಳಕ ಕೊಕ್ಕರೆಗಳು, ಕೆನ್ನೀಲಿ ಬಕಗಳು ಇಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ತೇಲುವ ಎಲೆಗಳ ಮೇಲೆ ಓಡಾಡುತ್ತಿದ್ದ ದೇವನಕ್ಕಿಯನ್ನು ತೋರಿಸಿ, ಅದರ ಉದ್ದ ಬಾಲವೆಲ್ಲಿ ಎಂದು ಅಪ್ಪ ಕೇಳಿದರು. ಆ ಬಾಲ ಸಂತಾನದ ಕಾಲದ ಅಲಂಕಾರವೆಂದೂ, ಚಳಿಗಾಲದಲ್ಲಿ ಅದು ಉದುರಿಹೋಗಿರುತ್ತದೆಂದೂ ಮಾರ್ಗದರ್ಶಿ ವಿವರಿಸಿದರು. ನಮ್ಮೂರ ಕೆರೆಗಳಲ್ಲಿ ಎಷ್ಟೋ ವರ್ಷ ದೇವನಕ್ಕಿಗಳನ್ನು ನೋಡಿದ್ದ ಅಪ್ಪನಿಗೆ ಈ ಸಂಗತಿ ಹೊಸದು. ಆಮೇಲೆ ಅವರ ಪ್ರಶ್ನೆಗಳು ನಿಲ್ಲಲೇ ಇಲ್ಲ.

ತೆರೆದ ನೀರಿಗೆ ಬಂದಾಗ ಸೂಜಿಬಾಲದ ಬಾತುಗಳೂ ಸಲಿಕೆಯಂಥ ಕೊಕ್ಕಿನ ಬಾತುಗಳೂ ಹಿಂಡುಹಿಂಡಾಗಿ ತೇಲುತ್ತಿದ್ದವು. ಅವುಗಳ ಆಚೆ, ತೆಳು ನೀರಿನ ಕೆಸರಿನಲ್ಲಿ ಕರಿಬಾಲದ ಹಿನ್ನೀರು ಗೊರವಗಳು, ಉದ್ದನೆಯ ನೇರ ಕೊಕ್ಕನ್ನು ಬುಡದವರೆಗೂ ಮುಳುಗಿಸಿ ಹುಳು ಹುಡುಕುತ್ತಿದ್ದವು. ಏಷ್ಯಾದ ಬಡಗಣ ಬಯಲುಗಳಲ್ಲಿ ಮರಿಮಾಡಿ, ಚಳಿ ಕಳೆಯಲು ಇಲ್ಲಿಗೆ ಬರುವ ಹಕ್ಕಿಗಳು ಇವು. ಎಷ್ಟಿವೆ ಎಂದು ನಾನು ಕೇಳಿದ್ದಕ್ಕೆ ಮಾರ್ಗದರ್ಶಿ ಉತ್ತರ ಕೊಡದೆ ಮೇಲೆ ನೋಡಲು ಸನ್ನೆ ಮಾಡಿದರು. ಜೌಗು ಸೆಳೆವ ಎಂಬ ಬೇಟೆಹಕ್ಕಿಯೊಂದು ಜೊಂಡಿನ ಮೇಲಿಂದ ತಗ್ಗಿನಲ್ಲೇ ಹಾರಿ ಬರುತ್ತಿತ್ತು. ಅದು ಹತ್ತಿರವಾದ ಕ್ಷಣದಲ್ಲಿ ಇಡೀ ಗೊರವಗಳ ಹಿಂಡು ಎದ್ದಿತು, ಕಪ್ಪು ಬಿಳುಪಿನ ರೆಕ್ಕೆಗಳು ಒಮ್ಮೆಗೇ ಒಂದು ಕಡೆ ತಿರುಗಿ ಮತ್ತೊಮ್ಮೆ ಇನ್ನೊಂದು ಕಡೆ ತಿರುಗಿದವು, ರೆಕ್ಕೆಗಳ ಗಾಳಿಯ ಸದ್ದು ನಮ್ಮ ತಲೆಯ ಮೇಲೆ ಹಾದುಹೋಯಿತು. ಬಾತುಗಳು ಏಳುವುದಕ್ಕೂ ಗೊರವಗಳು ಏಳುವುದಕ್ಕೂ ಇರುವ ವ್ಯತ್ಯಾಸವನ್ನು ನೋಡಿ ಬರುತ್ತಿರುವುದು ಸೆಳೆವವೋ ದೋಣಿಯೋ ಎಂದು ಹೇಳಬಹುದಂತೆ. ಇಂಥ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಈ ತಿಳಿವಳಿಕೆ ಅವರಿಗೆ ಎಲ್ಲಿಂದ ಬಂತು ಎಂಬುದೇ ಆ ಹಳ್ಳಿಯ ಕಥೆ. ಮಂಗಳಾಜೋಡಿ ಒಂದು ಕಾಲದಲ್ಲಿ ಹಕ್ಕಿಬೇಟೆಗೆ ಹೆಸರಾದ ಊರು. ಬಲೆ ಹಾಕಿ, ವಿಷವಿಟ್ಟು ಹಿಡಿದ ಬಾತುಗಳು ಸುತ್ತಲಿನ ಊರುಗಳಿಗೆ ಮಾಂಸವಾಗಿ ಹೋಗುತ್ತಿದ್ದವು, ಹಕ್ಕಿಗಳ ಸಂಖ್ಯೆ ಕೆಲವು ಸಾವಿರಗಳಿಗೆ ಇಳಿದಿತ್ತು. 2000ರ ಸುಮಾರಿಗೆ ಒಂದು ವನ್ಯಜೀವಿ ಸಂಸ್ಥೆಯ ಒತ್ತಾಸೆಯಿಂದ ಬೇಟೆಗಾರರೇ ಸೇರಿ ಹಕ್ಕಿಗಳ ರಕ್ಷಣೆಗೆ ಸಮಿತಿಯೊಂದನ್ನು ಕಟ್ಟಿಕೊಂಡರು. ಮುಂದಿನ ವರ್ಷಗಳಲ್ಲಿ ದೋಣಿ ನಡೆಸುವುದೂ ಹಕ್ಕಿ ತೋರಿಸುವುದೂ ಅವರ ಜೀವನೋಪಾಯವಾಯಿತು. ನಮ್ಮ ಮಾರ್ಗದರ್ಶಿಯ ತಂದೆ ಬೇಟೆಗಾರರು. ಹುಡುಗನಾಗಿದ್ದಾಗ ಇವರೂ ರಾತ್ರಿ ಬಲೆ ಹಿಡಿದು ನೀರಿನಲ್ಲಿ ನಿಂತವರು. ಅದನ್ನು ಅವರು ಮರೆಮಾಚಲೂ ಇಲ್ಲ, ನಾಟಕೀಯವಾಗಿ ಹೇಳಲೂ ಇಲ್ಲ. ಹಕ್ಕಿ ಎಲ್ಲಿ ಮಲಗುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದನ್ನು ತಂದೆ ಕಲಿಸಿದ್ದರು, ಈಗ ಅದೇ ವಿದ್ಯೆಯಿಂದ ಮನೆ ನಡೆಯುತ್ತಿದೆ ಎಂದರು. ಅಪ್ಪ ಅವರ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು. ಚಿಲಿಕಾದಲ್ಲಿ ಈಚಿನ ಚಳಿಗಾಲದ ಗಣತಿಗಳು ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಎಣಿಸಿವೆ, ಅದರಲ್ಲಿ ಈ ಮೂಲೆಯ ಪಾಲು ಸಣ್ಣದಲ್ಲ.

ನೀರಿನ ಕಥೆಯನ್ನೂ ಅವರಿಂದಲೇ ಕೇಳಬೇಕು. ಮಹಾನದಿಯ ಕವಲುಗಳು ಉತ್ತರದಿಂದ ಸಿಹಿನೀರನ್ನು ತರುತ್ತವೆ. ಧೌಲಿಯಲ್ಲಿ ಅಶೋಕನ ಶಾಸನದ ಬಂಡೆಯ ಹತ್ತಿರ ಹರಿಯುವ ದಯಾ ನದಿಯೂ ಕೊನೆಗೆ ಸೇರುವುದು ಇಲ್ಲಿಗೇ. ಅಳಿವೆಯ ಮೂಲಕ ಸಮುದ್ರದ ಉಪ್ಪುನೀರು ಒಳಬರುತ್ತದೆ. ಈ ಎರಡರ ಹದದ ಮೇಲೆ ಸರಾಸರಿ ಎರಡು ಮೀಟರ್ ಆಸುಪಾಸಿನ ಆಳವಿರುವ ಈ ಸರೋವರದ ಮೀನು, ಸಿಗಡಿ, ಜೊಂಡು, ಹಕ್ಕಿ ಎಲ್ಲವೂ ನಿಂತಿವೆ. ಜೌಗು ಪ್ರದೇಶಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸಾರ್‌ನ ಪಟ್ಟಿಗೆ 1981ರಲ್ಲಿ ಸೇರಿದ ಭಾರತದ ಮೊದಲ ಜೌಗು ಪ್ರದೇಶಗಳಲ್ಲಿ ಚಿಲಿಕಾ ಒಂದು. ಆದರೆ ಹೂಳು ತುಂಬಿ ಅಳಿವೆಯ ದಾರಿ ಮುಚ್ಚುತ್ತ ಬಂದು, ಉಪ್ಪಿನಂಶ ಕುಸಿದು, ಕಳೆ ಹಬ್ಬಿ ಮೀನು ಕಡಿಮೆಯಾದದ್ದರಿಂದ 1993ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳನ್ನು ಪಟ್ಟಿಮಾಡುವ, ಅದೇ ಒಪ್ಪಂದದ ಮಾಂಟ್ರೂ ದಾಖಲೆಗೆ ಸೇರಿಸಬೇಕಾಯಿತು. 2000ದ ಸೆಪ್ಟೆಂಬರಿನಲ್ಲಿ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಸಮುದ್ರಕ್ಕೆ ಹೊಸ ಬಾಯಿ ತೆರೆಸಿತು. ಕೆಲವೇ ವರ್ಷಗಳಲ್ಲಿ ಮೀನಿನ ಇಳುವರಿ ಹಲವು ಪಟ್ಟು ಏರಿತು, 2002ರಲ್ಲಿ ಸರೋವರದ ಹೆಸರು ಆ ದಾಖಲೆಯಿಂದ ಹೊರಬಂತು. ಈ ಇಸವಿಗಳನ್ನು ನಾನು ಹೊರಡುವ ಮುನ್ನವೇ ಓದಿದ್ದೆ. ದೋಣಿಯಲ್ಲಿ ಕುಳಿತಾಗ ಮಾರ್ಗದರ್ಶಿ ಇಸವಿಗಳನ್ನು ಹೇಳಲಿಲ್ಲ. ಸಮುದ್ರಕ್ಕೆ ಹೊಸ ಬಾಯಿ ತೆರೆಯುವ ಮೊದಲು ಯಾವ ಕಾಲುವೆಯಲ್ಲಿ ಕಳೆಗೆ ಸಿಕ್ಕಿ ದೋಣಿ ನಿಂತುಬಿಡುತ್ತಿತ್ತು, ಆಮೇಲೆ ಯಾವ ಮೀನು ಮತ್ತೆ ಬಲೆಗೆ ಬಿತ್ತು ಎಂಬುದನ್ನು ಹೇಳಿದರು. ಓದಿದ್ದಕ್ಕೆ ಜೀವ ಬಂದದ್ದು ಅಲ್ಲಿ.

ಮೂರು ಗಂಟೆಯ ದೋಣಿಯಾನದ ಬಳಿಕ ಹಳ್ಳಿಯಲ್ಲೇ ಊಟ. ಅನ್ನ, ತರಕಾರಿ ಬೇಳೆ ಕೂಡಿಸಿ ಬೇಯಿಸಿದ ದಾಲ್ಮಾ, ನನಗೆ ಚಿಲಿಕಾದ ಸಿಗಡಿ. ಶೌಚಾಲಯದ ಅನುಕೂಲ ಕೇಂದ್ರದಲ್ಲಿ ಮಾತ್ರ ಇರುತ್ತದೆ, ನೀರಿನ ಮೇಲೆ ಅದರ ಪ್ರಶ್ನೆಯೇ ಇಲ್ಲ. ಹಿರಿಯರನ್ನು ಕರೆದೊಯ್ಯುವವರು ಇದನ್ನು ನೆನಪಿಟ್ಟು ದೋಣಿಯ ಅವಧಿಯನ್ನು ಗೊತ್ತುಮಾಡಿಕೊಳ್ಳಬೇಕು. ಮಧ್ಯಾಹ್ನ ಬರ್ಕುಲ್‌ಗೆ ಹೋಗಿ ಕಾಳಿಜಾಯಿಗೆ ದೋಣಿ ಹಿಡಿಯೋಣವೇ ಎಂದು ಚಾಲಕರು ಕೇಳಿದರು. ಅವರ ದೃಷ್ಟಿಯಲ್ಲಿ ದಿನ ಇನ್ನೂ ಅರ್ಧ ಉಳಿದಿತ್ತು. ಅಪ್ಪ ಬೇಡವೆಂದರು. ಒಂದು ನಿದ್ದೆ ಮಾಡಿ, ಮೂರೂವರೆಗೆ ಅದೇ ದೋಣಿಯಲ್ಲಿ, ಅದೇ ಅಂಬಿಗನೊಡನೆ ಮತ್ತೊಂದು ಸುತ್ತು ಹೋದೆವು. ಬೆಳಿಗ್ಗೆ ನೋಡಿದ ಜಾಗಗಳೇ, ಆದರೆ ಬೆಳಕು ಎದುರು ದಿಕ್ಕಿನಿಂದ ಬೀಳುತ್ತಿದ್ದುದರಿಂದ ಬೆಳಿಗ್ಗೆ ಕಪ್ಪು ಆಕೃತಿಗಳಾಗಿ ಕಂಡಿದ್ದ ಬಾತುಗಳ ಮೈಬಣ್ಣ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ದಿನದ ಕಾರ್ಯಕ್ರಮವನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರ ಬೆಲೆ ನನಗೆ ಅತ್ಯಂತ ಚೆನ್ನಾಗಿ ಅರ್ಥವಾದದ್ದು ಈ ಎರಡನೆಯ ಸುತ್ತಿನಲ್ಲಿ.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮಾರ್ಚಿನಲ್ಲಿ ವಲಸೆ ಹಕ್ಕಿಗಳು ಹೊರಟುಬಿಡುತ್ತವೆ. ಬಣ್ಣ ಮಾಸಿದ ಬಟ್ಟೆ, ತಲೆಗೆ ಟೊಪ್ಪಿ, ಬೆಳಗಿನ ಚಳಿಗೊಂದು ಶಾಲು ಸಾಕು. ಹಿಂಡು ಹಾರುವ ಫೋಟೊ ಬೇಕೆಂದು ದೋಣಿಯನ್ನು ಹತ್ತಿರಕ್ಕೆ ಒತ್ತಿಸಬೇಡಿ, ಚಪ್ಪಾಳೆ ತಟ್ಟಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಪ್ರತಿ ಹಾರಾಟವೂ ಮೈಯಲ್ಲಿನ ಕೊಬ್ಬಿನ ಖರ್ಚು. ದೋಣಿಯ ಬಾಡಿಗೆಯನ್ನು ಕೇಂದ್ರಕ್ಕೆ ಕೊಟ್ಟರೂ ಅಂಬಿಗನಿಗೆ ಮತ್ತು ಮಾರ್ಗದರ್ಶಿಗೆ ಕೈಯಾರೆ ಏನಾದರೂ ಕೊಡಿ. ಅವರ ದುಡಿಮೆ ಬಹುಮಟ್ಟಿಗೆ ಚಳಿಗಾಲದ ಕೆಲವೇ ತಿಂಗಳುಗಳದು.

ಡಾಲ್ಫಿನ್ ನೋಡಲೇಬೇಕೆಂಬ ಆಸೆಯಿದ್ದರೆ ಅದನ್ನು ಈ ದಿನದೊಳಗೆ ತುರುಕದೆ ಪುರಿಯಲ್ಲಿ ತಂಗಿದ ದಿನವೊಂದರಲ್ಲಿ ಸಾತಪಡಾಕ್ಕೆ ಹೋಗುವುದು ಸೂಕ್ತ. ಇಡೀ ಸರೋವರದಲ್ಲಿ ಇರುವ ಇರಾವಡಿ ಡಾಲ್ಫಿನ್‌ಗಳು ನೂರರ ಲೆಕ್ಕದಲ್ಲಿ ಎಣಿಸುವಷ್ಟೇ. ದುಂಡು ತಲೆಯ, ಮೂತಿಯಿಲ್ಲದ ಈ ಪ್ರಾಣಿಗಳು ಉಸಿರಿಗಾಗಿ ಮೇಲೆ ಬರುವಾಗ ಮೋಟಾರು ದೋಣಿಗಳು ಅವುಗಳನ್ನು ಬೆನ್ನಟ್ಟಿದರೆ ಎಂಜಿನ್ನಿನ ಅಲಗುಗಳಿಂದ ಅವುಗಳಿಗೆ ಗಾಯವಾಗುತ್ತದೆ. ದೂರದಲ್ಲೇ ಎಂಜಿನ್ ನಿಲ್ಲಿಸಿ ಕಾಯುತ್ತೇನೆಂದು ಒಪ್ಪುವ ದೋಣಿಯವರನ್ನು ಹುಡುಕಿ, ಆ ಮಾತನ್ನು ದಂಡೆಯಲ್ಲಿ ನಿಂತಿರುವಾಗಲೇ ಖಚಿತಪಡಿಸಿಕೊಂಡು ದೋಣಿ ಹತ್ತಿ.